ಕೆಂಪು ದಾರ ಕಟ್ಟಿದ ಕ್ಯಾನು

ವೈಷ್ಣವಿ, ಕಾರ್ತಿಕ್, ಇದನ್ನು ನಿಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಬೇಕಾಗಿತ್ತು. ಆದರೆ ನಾಲ್ಕು ಮಾತು ಒಟ್ಟಿಗೆ ಆಡುವುದು ನನಗೆ ಬರುವುದಿಲ್ಲ ಎಂಬುದು ನಿಮಗೆ ಗೊತ್ತು. ಬರೆಯುವುದು ಸ್ವಲ್ಪ ಬರುತ್ತದೆ. ಘಟ್ಟದ ಆಚೆ ನನ್ನ ತವರೂರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕನ್ನಡ ಅಕ್ಷರ ಈಗಲೂ ಕೈಯಲ್ಲಿದೆ. ತಮಿಳು ಸೀಮೆಯ ಈ ಸೂಲೂರಿಗೆ ಸೊಸೆಯಾಗಿ ಬಂದ ಮೇಲೆ ಅದರಿಂದ ಒಂದು ಉಪಯೋಗವೂ ಆಗಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದುವವರು ಯಾರೂ ಇಲ್ಲ. ವೈಷ್ಣವಿ, ಶಾಲೆಯ ರಜೆಗಳಲ್ಲಿ ನಿನಗೆ ಅಕ್ಷರ ತಿದ್ದಿಸಿದ್ದು ಇಂಥ ಒಂದು ದಿನಕ್ಕೆಂದು ನಾನು ಅಂದುಕೊಂಡಿರಲಿಲ್ಲ. ನೀನು ಓದಿ ತಮ್ಮನಿಗೆ ಹೇಳು.

ಕಾರ್ತಿಕ್, ನೀನು ಪೊಳ್ಳಾಚಿಯ ಹತ್ತಿರ ಪ್ರವಾಸಿಗರು ನಾಲ್ಕು ಚಕ್ರದ ಬೈಕು ಓಡಿಸುವ ಆ ಜಾಗದಲ್ಲಿ ಮೆಕ್ಯಾನಿಕ್ ಆಗಿ ಸೇರಿದ ಮೇಲೆ ಮೊದಲ ಸಲ ಮನೆಗೆ ಬಂದಾಗ ತಟ್ಟೆಗೆ ಕೈ ಹಾಕದೆ ಕೇಳಿದೆ.

"ಅಜ್ಜೀ, ಅಲ್ಲಿ ಒಬ್ರು ಹೇಳಿದ್ರು. ನೀನು ಕಟ್ಟಿದ ಎಂಜಿನ್ ದಾರೀಲಿ ನಿಂತು ಒಬ್ಬ ವಯಸಾದಮ್ಮ ಹೋಗ್ಬಿಟ್ರಂತೆ. ಅದಕ್ಕೇ ಶೆಡ್ ಮುಚ್ಚಿದ್ರಂತೆ. ಉಣ್ಮೆಯಾ, ನಿಜವಾ?"

"ಮೊದಲು ಊಟ ಮಾಡು" ಎಂದೆ. ನೀನು ಊಟ ಮಾಡಿದೆ, ಮತ್ತೆ ಕೇಳಲಿಲ್ಲ. ಬಸ್ಸಿಗೆ ಹೊರಡುವಾಗ ನನ್ನ ಮುಖವನ್ನೂ ನೋಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಜೊತೆಗೆ, ನೀನು ಹಿಡಿದಿರುವ ಕೆಲಸ ಎಂಥದೆಂದು ನಿನಗೆ ತಿಳಿಯಲಿ ಎಂದು.

ನಿಮ್ಮ ತಾತನ ಮನೆಯವರು ಮಗ್ಗದವರು. ಮಗ್ಗಕ್ಕೆ ಕೆಲಸ ಕಡಿಮೆಯಾದಾಗ ನಿಮ್ಮ ತಾತ ಒಂದು ಮೋಟಾರು ಕಾರ್ಖಾನೆಗೆ ಫಿಟ್ಟರ್ ಆಗಿ ಹೋದರು. ಆಮೇಲೆ ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿ ಟು-ಸ್ಟ್ರೋಕ್ ಎಂಜಿನ್ ಬಿಚ್ಚಿ ಕಟ್ಟುವ ಕೆಲಸ ಶುರು ಮಾಡಿದರು. ಬೈಕು, ಆಟೋ, ಔಷಧಿ ಹೊಡೆಯುವ ಮಷೀನು, ಕಡೆಗೆ ಬೆಟ್ಟದ ತೋಟಗಳಿಂದ ಬರುತ್ತಿದ್ದ ನಾಲ್ಕು ಚಕ್ರದ ಬೈಕುಗಳು. ನಾನು ಜಗಲಿಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದವಳು. ಒಂದು ದಿನ ಅವರು ಸಿಲಿಂಡರೊಂದನ್ನು ನನ್ನ ಮಡಿಲಿಗೆ ಇಟ್ಟರು.

"ಇವಳೇ, ಬೆರಳು ಒಳಗೆ ಹಾಕು. ಏನು ಸಿಕ್ತದೆ?"

"ಏನೋ ನೂಲು ಗಂಟು ಬಿದ್ದಂಗಿದೆ."

"ಎಲ್ಲಿ?"

"ಇಗೋ, ಈ ಕಿಟಕಿ ಪಕ್ಕ."

ಸಿಲಿಂಡರಿನ ಗೋಡೆಯಲ್ಲಿ ಹೊಗೆ ಹೋಗುವುದಕ್ಕೆ, ಪೆಟ್ರೋಲ್ ಬರುವುದಕ್ಕೆ ಇರುವ ತೂತುಗಳನ್ನು ನಾನು ಕಿಟಕಿ ಎಂದೆ. ಅವರು ನಕ್ಕರು. ಆ ಕಿಟಕಿಯ ಅಂಚು ಚೂಪಾಗಿದ್ದರೆ ಪಿಸ್ಟನ್ನಿನ ರಿಂಗು ಅದಕ್ಕೆ ಸಿಕ್ಕಿ ಮುರಿಯುತ್ತದೆ. ಅಂದಿನಿಂದ ಅಂಚು ಸವರುವ ಕೆಲಸ ನನ್ನದಾಯಿತು. ಆಮೇಲೆ ರಿಂಗು, ಆಮೇಲೆ ಬೇರಿಂಗು. ಹೀಗೆ ನಾನು ಈ ಕೆಲಸಕ್ಕೆ ಬಿದ್ದೆ. ಯಾರೂ ನನ್ನನ್ನು ಸೇರುತ್ತೀಯಾ ಎಂದು ಕೇಳಲಿಲ್ಲ, ನಾನೂ ಒಪ್ಪಿದೆನೆಂದು ಹೇಳಲಿಲ್ಲ.

ಅವರು ಕಲಿಸಿದ ಮೊದಲ ಪಾಠ, ಬಿಚ್ಚಿದ ಎಂಜಿನ್ನನ್ನು ತೊಳೆಯಲು ಅವಸರ ಮಾಡಬಾರದು ಎಂಬುದು. "ಸತ್ತೋರ ಮುಖ ತೊಳೆಯೋ ಮುಂಚೆ ಸಾವು ಹೆಂಗೆ ಬಂತು ಅಂತ ಕೇಳು" ಎನ್ನುತ್ತಿದ್ದರು. ಪಿಸ್ಟನ್ನಿನ ಒಂದೇ ಕಡೆ, ಹೊಗೆ ಹೋಗುವ ಕಡೆ, ಗೀರು ಬಿದ್ದಿದ್ದರೆ ಬಿಸಿಯಿಂದ ಸತ್ತದ್ದು. ಎಲ್ಲಿಂದಲೋ ಕಳ್ಳಗಾಳಿ ನುಗ್ಗಿದೆ ಎಂದು ಅರ್ಥ. ಸುತ್ತಲೂ ಗೀರಿ, ಕೆಳಗೆ ಕನೆಕ್ಟಿಂಗ್ ರಾಡಿನ ಬೇರಿಂಗು ಒಣಗಿ ನೀಲಿ ತಿರುಗಿದ್ದರೆ ಎಣ್ಣೆಯಿಲ್ಲದೆ ಸತ್ತದ್ದು. ತೊಳೆದುಬಿಟ್ಟರೆ ಎಲ್ಲವೂ ಒಂದೇ ಥರ ಹೊಳೆಯುತ್ತದೆ. ಇದನ್ನು ನೆನಪಿಟ್ಟುಕೊ ಕಾರ್ತಿಕ್. ಮುಂದೆ ಇದೇ ಮಾತಿಗೆ ಬರುತ್ತೇನೆ.

ಕೊಯಮತ್ತೂರಿನಲ್ಲಿ ಸಿಲಿಂಡರಿನ ಒಳಗನ್ನು ಕೊರೆದು ಬೋರ್ ಮಾಡಿಕೊಡುತ್ತಿದ್ದ ಆರುಮುಗಂ ಮೇಸ್ತ್ರಿ ಎಂಬವರಿದ್ದರು. ಅವರ ಎದುರು ನಿಲ್ಲಲು ಗಂಡಸರೇ ಹೆದರುತ್ತಿದ್ದರು. ನಿಮ್ಮ ತಾತ ಒಮ್ಮೆ ನನ್ನನ್ನೇ ಕಳಿಸಿದರು, ಬೋರು ಒಂದು ಕೂದಲಷ್ಟು ಸಡಿಲ ಬೇಕೆಂದು ಹೇಳಿ ಬಾ ಎಂದು. ನಾನು ಸೆರಗು ಹೊದ್ದು, ಸಿಲಿಂಡರನ್ನು ತರಕಾರಿ ಚೀಲದಲ್ಲಿಟ್ಟುಕೊಂಡು ಹೋದೆ. ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಮನಸ್ಸಿನಲ್ಲೇ ತಮಿಳಿಗೆ ತಿರುಗಿಸಿಕೊಂಡು ಹೋಗಿದ್ದೆ. ಅಲ್ಲಿ ಹೋದರೆ ಸಡಿಲ ಬೇಕು ಎಂಬಷ್ಟೇ ಬಾಯಿಗೆ ಬಂತು.

"ಏನು ತಾಯೀ, ಸಡಿಲ ಬೇಕಾ? ಇದೇನು ಇಡ್ಲಿ ಪಾತ್ರೆ ಮುಚ್ಚಳವಾ?" ಎಂದು ಅವರು ತಮಿಳಿನಲ್ಲಿ ಕೂಗಿದರು. ಅಂಗಡಿಯೆಲ್ಲ ನಕ್ಕಿತು. ನಾನು ಅಳುತ್ತಾ ನಿಂತೆ. ಆಗ ಅವರಿಗೇ ಹೇಗೋ ಆಗಿರಬೇಕು. ಟೀ ತರಿಸಿ, ಸ್ಟೂಲ್ ಮೇಲೆ ಕೂರಿಸಿ, "ಅಳಬೇಡ, ನಿನ್ನ ಗಂಡ ಸರಿಯಾಗಿಯೇ ಕೇಳಿದ್ದಾನೆ. ಯಾಕೆ ಅಂತ ತಿಳಿದುಕೊಂಡು ಹೋಗು" ಎಂದರು. ರಸ್ತೆಯಲ್ಲಿ ಓಡುವ ಗಾಡಿಗೆ ಎದುರುಗಾಳಿ ಸಿಗುತ್ತದೆ. ಬೆಟ್ಟ ಹತ್ತುವ ಗಾಡಿ ನಿಧಾನಕ್ಕೆ ಉಸಿರುಗಟ್ಟಿ ಹತ್ತುತ್ತದೆ, ಪಿಸ್ಟನ್ ಬಿಸಿಯಾಗಿ ಉಬ್ಬುತ್ತದೆ, ಉಬ್ಬಲು ಜಾಗವಿಲ್ಲದಿದ್ದರೆ ಸಿಲಿಂಡರನ್ನು ಕಚ್ಚಿಕೊಳ್ಳುತ್ತದೆ. ರೇಸಿಗೆ ಕಟ್ಟುವುದು ಬೇರೆ, ಬೆಟ್ಟದ ದಾರಿಗೆ ಕಟ್ಟುವುದು ಬೇರೆ. ಬೆಟ್ಟದ ಗಾಡಿ ಜೋರಾಗಿ ಓಡದಿದ್ದರೂ ನಡೆಯುತ್ತದೆ, ನಿಲ್ಲಬಾರದು. ಇಷ್ಟನ್ನು ಅವರು ಹೇಳಿಕೊಟ್ಟರು. ಅವರ ಅಂಗಡಿಯೂ ಈಗಿಲ್ಲ.

ನಗುವಂಥ ಒಂದು ದಿನವನ್ನೂ ಬರೆಯುತ್ತೇನೆ, ಅದರಿಂದಲೇ ಮುಂದಿನದೆಲ್ಲ ಹುಟ್ಟಿದ್ದು. ಕೈ ಒರೆಸಲು ನಾವು ತಿರುಪ್ಪೂರಿನ ಬನಿಯನ್ ವೇಸ್ಟು, ಅಂದರೆ ಚೂರುಬಟ್ಟೆ, ಮೂಟೆಗಟ್ಟಲೆ ಇಟ್ಟುಕೊಳ್ಳುತ್ತಿದ್ದೆವು. ಪಿಸ್ಟನ್ ಜೋಡಿಸುವಾಗ ಸಣ್ಣ ಕ್ಲಿಪ್ಪು ಕೆಳಗೆ ಬಿದ್ದರೆ ಎಂಜಿನ್ ಮತ್ತೆ ಇಬ್ಭಾಗ ಮಾಡಬೇಕು. ಅದಕ್ಕೆ ಪಿಸ್ಟನ್ನಿನ ಕೆಳಗಿನ ಎಂಜಿನ್ ಬಾಯಿಗೆ ಬಟ್ಟೆ ತುರುಕಿ ಕೆಲಸ ಮಾಡುವುದು ರೂಢಿ. ಆ ದಿನ ನಂಜಪ್ಪ ಬಂದಿದ್ದ. ಪೊಳ್ಳಾಚಿಯ ಆಚೆ ಬೆಟ್ಟದ ಬುಡದಲ್ಲಿ ತೆಂಗಿನ ತೋಟ ಮಾಡುತ್ತಿದ್ದವನು, ಮನೆಯಲ್ಲಿ ನಮ್ಮ ಹಾಗೆಯೇ ಕನ್ನಡ. ಮದುವೆಯಾಗಿರಲಿಲ್ಲ. ಮಾತು ಶುರು ಮಾಡಿದರೆ ನಿಲ್ಲಿಸುತ್ತಿರಲಿಲ್ಲ. ಅವನ ಮಾತು ಕೇಳುತ್ತಾ ನಿಮ್ಮ ತಾತ ಬಟ್ಟೆ ತೆಗೆಯುವುದನ್ನು ಮರೆತು ಎಂಜಿನ್ ಮುಚ್ಚಿಬಿಟ್ಟರು. ಕಿಕ್ಕರ್ ಅರ್ಧಕ್ಕೆ ನಿಂತಿತು. ಮತ್ತೆ ಬಿಚ್ಚಿದಾಗ ಕ್ರ್ಯಾಂಕಿಗೆ ಸುತ್ತಿಕೊಂಡ ಬಿಳಿ ಬಟ್ಟೆ ಹೊರಬಂತು.

"ಏನಣ್ಣಾ, ಬೆಟ್ಟದಲ್ಲಿ ಕುಳಿರು ಅಂತ ಎಂಜಿನ್‌ಗೆ ಬನಿಯನ್ ಹಾಕಿದೀಯಾ?" ಎಂದ ನಂಜಪ್ಪ. ನಿಮ್ಮ ತಾತ ಒಂದು ವಾರ ಅವನೊಂದಿಗೆ ಮಾತಾಡಲಿಲ್ಲ.

ಅಂದಿನಿಂದ ನಾನು ಒಂದು ಪದ್ಧತಿ ಮಾಡಿದೆ. ಮಗ್ಗದ ಉಳಿಕೆ ಕೆಂಪು ನೂಲಿನ ಉಂಡೆಯೊಂದನ್ನು ಶೆಡ್ಡಿನ ಮೊಳೆಗೆ ತೂಗುಹಾಕಿದೆ. ಒಳಗೆ ತುರುಕುವ ಪ್ರತಿ ಬಟ್ಟೆಗೂ ಕೆಂಪು ದಾರ ಕಟ್ಟಿ, ಅದರ ತುದಿಯನ್ನು ಹೊರಗೆ ಇಳಿಬಿಡುವುದು. ದಾರ ಕಂಡರೆ ಕೈ ನಿಲ್ಲಬೇಕು. ಮಗ್ಗದ ಮನೆಯಲ್ಲಿ ತಪ್ಪಿದ ಎಳೆಗೆ ಬಣ್ಣದ ನೂಲು ಕಟ್ಟಿ ಗುರುತು ಇಡುತ್ತಿದ್ದೆವು, ಅದೇ ಬುದ್ಧಿ.

ಆಮೇಲೆ ಕಾಲ ಬದಲಾಯಿತು. ಟು-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನೊಳಗೇ ಎಣ್ಣೆ ಬೆರೆಸಬೇಕು, ಅದಕ್ಕೆ ಬೇರೆ ಎಣ್ಣೆ ಇಲ್ಲ. ಮೊದಲು ಪೆಟ್ರೋಲ್ ಬಂಕಿನಲ್ಲಿ ಎಣ್ಣೆಗೆಂದೇ ಒಂದು ಪಂಪು ಇರುತ್ತಿತ್ತು, ಹುಡುಗರು ಕೇಳದೆಯೇ ಅಳೆದು ಹಾಕುತ್ತಿದ್ದರು. ಪೆಟ್ರೋಲಿಗೆ ಎಣ್ಣೆ ಬೆರೆಸಬೇಕಿಲ್ಲದ ಫೋರ್-ಸ್ಟ್ರೋಕ್ ಗಾಡಿಗಳು ತುಂಬಿಕೊಂಡ ಮೇಲೆ ಆ ಪಂಪು ಮಾಯವಾಯಿತು. ಎಣ್ಣೆ ಯಾಕೆಂದು ಬಂಕಿನವರೇ ಕೇಳುವ ಹಾಗಾಯಿತು. ಬರೀ ಪೆಟ್ರೋಲ್ ಕುಡಿದು ಸತ್ತ ಎಂಜಿನ್ನುಗಳು ಒಂದಾದ ಮೇಲೊಂದು ಶೆಡ್ಡಿಗೆ ಬಂದವು. ವಾರಗಟ್ಟಲೆ ಕೂತು ಕಟ್ಟಿದ್ದನ್ನು ಯಾರೋ ಅಪರಿಚಿತ ಕೈ ಒಂದು ಗಳಿಗೆಯಲ್ಲಿ ಕೊಂದು ಕಳಿಸುತ್ತಿತ್ತು. ಆಗ ನಿಮ್ಮ ತಾತ ಗಿರಾಕಿಗಳಿಗೆ ಹೇಳತೊಡಗಿದರು, "ಮನೆಯಲ್ಲೇ ಕ್ಯಾನಿನಲ್ಲಿ ಬೆರೆಸಿ ಇಟ್ಟುಕೊಳ್ಳಿ. ಎಣ್ಣೆ ಬೆರೆಸಿದ ಕ್ಯಾನಿಗೆ ಕೆಂಪು ದಾರ. ದಾರ ಇಲ್ಲದ್ದನ್ನು ಮುಟ್ಟಬೇಡಿ." ತಮಿಳು ಓದಲು ಬಾರದ ಕೂಲಿಯವರಿಗೂ ದಾರ ಅರ್ಥವಾಗುತ್ತಿತ್ತು. ಅದಕ್ಕಿಂತ ಒಳ್ಳೆಯ ಗುರುತು ಇಲ್ಲವೆಂದೇ ನಾವಿಬ್ಬರೂ ನಂಬಿದ್ದೆವು.

ನಂಜಪ್ಪ ಎಸ್ಟೇಟೊಂದರಿಂದ ಹಳೆಯ ಕೆಂಪು ನಾಲ್ಕು ಚಕ್ರದ ಬೈಕು ಕೊಂಡಿದ್ದ. ಅವನಿಗೆ ಬೆಟ್ಟದ ಮೇಲೆ ಇನ್ನೊಂದು ಸಣ್ಣ ತೋಟವಿತ್ತು. ಜೀಪು ಹೋಗದ ದಾರಿ. ಅವನ ತಾಯಿ ಹಸುಗಳೊಂದಿಗೆ ಅಲ್ಲೇ ಇರುತ್ತಿದ್ದಳು, ಎಷ್ಟು ಹೇಳಿದರೂ ಕೆಳಗೆ ಬರುತ್ತಿರಲಿಲ್ಲ. ಒಮ್ಮೆ ಮಾತ್ರ ಮಗನ ಹಿಂದೆ ಅದೇ ಗಾಡಿಯಲ್ಲಿ, ಎತ್ತಿನ ಗಾಡಿಯಲ್ಲಿ ಕೂತ ಹಾಗೆ ಪಕ್ಕಕ್ಕೆ ಕಾಲು ಬಿಟ್ಟು ರಸ್ತೆಯವರೆಗೆ ಇಳಿದು, ಅಲ್ಲಿಂದ ಬಸ್ಸು ಹಿಡಿದು ನಮ್ಮ ಶೆಡ್ಡಿಗೆ ಬಂದಳು.

"ಎಂಜಿನ್ ಕಟ್ಟೋ ಹೆಂಗಸು ಯಾರು ಅಂತ ನೋಡೋಕೆ ಬಂದೆ ಕಣವ್ವಾ. ಇಷ್ಟು ಸಣ್ಣಗೆ ಇದೀಯಲ್ಲ! ಇವನ ವಂಡಿ ನಿಲ್ಲದಂಗೆ ನೋಡ್ಕೊ. ಇವನಿಗೆ ನಾನು, ನನಗೆ ಇವನು, ಮಧ್ಯದಲ್ಲಿ ಅದೊಂದೇ."

ಹೋಗುವಾಗ ಮೊಳೆಯ ಮೇಲಿದ್ದ ನೂಲಿನ ಉಂಡೆ ಕಂಡು, "ಎಷ್ಟು ಚೆಂದದ ದಾರ! ನಂಗೊಂದು ಉಂಡೆ ಕೊಡು, ದೇವರಿಗೆ ಹೂ ಕಟ್ತೀನಿ" ಎಂದಳು. ಕೊಟ್ಟೆ.

ನಿಮ್ಮ ತಾತ ಹೋದದ್ದು ಎದೆಯ ರೋಗದಿಂದ. ನೂಲಿನ ಧೂಳೋ, ಎಂಜಿನ್ನಿನ ನೀಲಿ ಹೊಗೆಯೋ, ಡಾಕ್ಟರಿಗೆ ಹೇಳಲಾಗಲಿಲ್ಲ. ಕಡೆಯ ದಿನಗಳಲ್ಲಿ ಮಂಚದ ಮೇಲಿಂದಲೇ ಶೆಡ್ಡಿನ ಸದ್ದು ಕೇಳಿ ಎಂಜಿನ್ ಸರಿಯಿದೆಯೋ ಇಲ್ಲವೋ ಹೇಳುತ್ತಿದ್ದರು. ಏರ್‌ಫೋರ್ಸಿನವರ ನೆಲೆ ನಮ್ಮೂರಲ್ಲೇ ಇದೆ, ಅವರ ವಿಮಾನ ಮೇಲೆ ಹೋದರೆ ಕೈಯೆತ್ತಿ ತಡೆಯುತ್ತಿದ್ದರು, ಅದು ದಾಟಿದ ಮೇಲೆ ಕಿವಿಗೊಡುತ್ತಿದ್ದರು. ಒಂದು ದಿನ ವಿಮಾನ ಹೋಯಿತು, ಕೈ ಏಳಲಿಲ್ಲ.

ಅವರ ನಂತರ ಗಿರಾಕಿಗಳು ಕರಗಿದರು. ನಂಜಪ್ಪ ಮಾತ್ರ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದ. ಎಂಜಿನ್ ಪೂರ್ತಿ ಸವೆದಿತ್ತು.

"ಅಣ್ಣ ಇಲ್ಲ ಅಂತ ಬೇರೆ ಕಡೆ ಹೋದರೆ ಅವ್ವ ಬೈತಾಳೆ. ನೀನೇ ಕಟ್ಟಕ್ಕಾ."

"ಒಬ್ಬಳೇ ಕಟ್ಟಿಲ್ಲ ನಂಜಪ್ಪಾ."

"ಅಣ್ಣ ಕಟ್ತಿದ್ದಾಗ ಕಟ್ತಿದ್ದೋಳು ನೀನೇ ಅಂತ ನಂಗೆ ತೆರಿಯಾದಾ, ಗೊತ್ತಿಲ್ವಾ?"

ಅದೊಂದು ಎಂಜಿನ್ನನ್ನು ನಾನು ಹೇಗೆ ಕಟ್ಟಿದೆನೆಂದು ಹೇಳುತ್ತೇನೆ ಕಾರ್ತಿಕ್, ನಿನ್ನ ಕೆಲಸಕ್ಕೆ ಬರುತ್ತದೆ. ಕ್ರ್ಯಾಂಕಿಗೆ ಹೊಸ ಬೇರಿಂಗು, ಹೊಸ ರಾಡು. ಅದನ್ನು ತಿರುಗಿಸಿ ಎಲ್ಲಿ ಓಲಾಡುತ್ತದೆಂದು ಡಯಲ್ ಗೇಜಿನಲ್ಲಿ ನೋಡಿ, ತಾಮ್ರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ನೇರ ಮಾಡಿದೆ. ಎರಡು ಕಡೆಯ ಆಯಿಲ್ ಸೀಲುಗಳನ್ನು ಚೆನ್ನಾಗಿದ್ದರೂ ಬದಲಾಯಿಸಿದೆ, ಕಳ್ಳಗಾಳಿ ನುಗ್ಗುವುದು ಅಲ್ಲಿಂದಲೇ. ಬೋರು ಬೆಟ್ಟದ ಲೆಕ್ಕಕ್ಕೆ, ಕಿಟಕಿಗಳ ಅಂಚು ಬೆರಳಿಗೆ ಸಿಗದ ಹಾಗೆ. ಪಿಸ್ಟನ್ನಿನ ಕ್ಲಿಪ್ಪು ಒಮ್ಮೆ ತೆಗೆದರೆ ಮತ್ತೆ ಹಾಕಬಾರದು, ಹೊಸದೇ ಬೇಕು. ಎಲ್ಲ ಮುಚ್ಚಿದ ಮೇಲೆ ತೂತುಗಳಿಗೆ ಬಿರಡೆ ಹಾಕಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ, ಕೀಲುಕೀಲಿಗೂ ಸೋಪಿನ ನೊರೆ ಬಳಿದು ನೋಡಿದೆ. ಎಲ್ಲೂ ಗುಳ್ಳೆ ಏಳಲಿಲ್ಲ. ಏರ್ ಫಿಲ್ಟರಿನ ಸ್ಪಂಜಿಗೆ ಎಣ್ಣೆ ಹಿಂಡಿ ಹಾಕಿದೆ, ಬೆಟ್ಟದ ಧೂಳು ಅದನ್ನು ದಾಟಬಾರದು. ಆಮೇಲೆ ಬಿಸಿ ಮಾಡುವುದು, ಪೂರ್ತಿ ಆರಲು ಬಿಡುವುದು, ಮತ್ತೆ ಬಿಸಿ ಮಾಡುವುದು. ಅವಸರ ಮಾಡಲಿಲ್ಲ.

ನಂಜಪ್ಪನಿಗೆ ಇಳಿಜಾರಿನ ಪಾಠವನ್ನೂ ಹೇಳಿದೆ. ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಪೆಟ್ರೋಲ್ ಹೋಗುವುದಿಲ್ಲ, ಪೆಟ್ರೋಲ್ ಹೋಗದಿದ್ದರೆ ಎಣ್ಣೆಯೂ ಹೋಗುವುದಿಲ್ಲ. ಆಗಾಗ ಒಂದಿಷ್ಟು ತಿರುವಿ ಎಂಜಿನ್ನಿಗೆ ಗುಟುಕು ಕೊಡಬೇಕು.

"ಹಸುಗೂಸಿಗೆ ಹಾಲು ಕೊಟ್ಟಂಗೆ ಅನ್ನು" ಎಂದ.

ಆ ಗಾಡಿ ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ನಿಲ್ಲದೆ ಓಡಿತು. ಹಲಸಿನ ಹಣ್ಣು, ತುಪ್ಪ ಬೆಟ್ಟದಿಂದ ನನಗೆ ಬರುತ್ತಿದ್ದವು. ಆ ದಿನಗಳಲ್ಲಿ ನಾನು ಬದುಕಿದ್ದೇನೆ ಎಂದು ಅನ್ನಿಸುತ್ತಿತ್ತು. ಅದಾದ ಮೇಲೆ ಅನ್ನಿಸಿಲ್ಲ.

ಆಯುಧಪೂಜೆಯ ಮಾರನೆಯ ದಿನ ಬೆಳಿಗ್ಗೆ ಮೇಲಿನ ತೋಟದಲ್ಲಿ ನಂಜಪ್ಪನ ತಾಯಿಗೆ ಎದೆನೋವು ಬಂತು. ಅವನು ಗಾಡಿಗೆ ಪೆಟ್ರೋಲ್ ತುಂಬಿ, ತಾಯಿಯನ್ನು ಹಿಂದೆ ಕೂರಿಸಿ, ಟವೆಲಿನಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡು ಹೊರಟ. ಇಳಿಯುವ ಮೊದಲು ಒಂದು ದಿಣ್ಣೆ ಹತ್ತಬೇಕು. ಆ ದಿಣ್ಣೆಯಲ್ಲಿ ಎಂಜಿನ್ ಕಿರುಚಿ ಕಚ್ಚಿಕೊಂಡಿತು. ಕಿಕ್ಕರ್ ಅಲುಗಲಿಲ್ಲ. ಅವನು ತಾಯಿಯನ್ನು ಬೆನ್ನ ಮೇಲೆ ಹೊತ್ತು ಇಳಿದ. ರಸ್ತೆ ಕಾಣುವಷ್ಟು ಹತ್ತಿರ ಬಂದಾಗ ಅವಳ ಕೈ ಅವನ ಕೊರಳಿನಿಂದ ಜಾರಿತು.

ಕಾರ್ಯವೆಲ್ಲ ಮುಗಿದ ಮೇಲೆ ಗಾಡಿಯನ್ನು ಶೆಡ್ಡಿಗೆ ತಂದ. ತಲೆ ಬೋಳಿಸಿದ್ದ. ನನ್ನನ್ನು ಬೈಯಲಿಲ್ಲ.

"ಯಾಕೆ ನಿಂತಿತು ಅಂತ ಮಾತ್ರ ಹೇಳಕ್ಕಾ. ಅದೊಂದು ತಿಳಿದ್ರೆ ಸಾಕು" ಎಂದ.

ಅವನನ್ನು ಜಗಲಿಯಲ್ಲಿ ಕೂರಿಸಿ ನಾನು ಒಳಗೆ ಸಿಲಿಂಡರ್ ಎತ್ತಿದೆ. ತೊಳೆಯಲಿಲ್ಲ. ಪಿಸ್ಟನ್ನಿನ ಸುತ್ತಲೂ ಗೀರು. ಕೆಳಗಿನ ಬೇರಿಂಗು ಒಣಗಿ ನೀಲಿ. ಟ್ಯಾಂಕಿನ ಪೈಪು ಬಿಚ್ಚಿ ಒಂದಿಷ್ಟನ್ನು ಬೆರಳಿಗೆ ಬಿಟ್ಟುಕೊಂಡು ಉಜ್ಜಿದೆ. ಜಾರಲಿಲ್ಲ, ಹಾರಿಹೋಯಿತು. ಬರೀ ಪೆಟ್ರೋಲ್. ಹೇಗಾಯಿತೆಂದು ತಿಳಿಯಲಿಲ್ಲ. ನಂಜಪ್ಪ ಎಷ್ಟೋ ವರ್ಷದಿಂದ ದಾರ ನೋಡದೆ ಕ್ಯಾನು ಎತ್ತಿದವನಲ್ಲ.

ಹೊರಗೆ ಅವನು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. "ಪೂಜೆ ದಿನ ಅವ್ವ ಎಷ್ಟು ಚೆನ್ನಾಗಿದ್ಲು ಗೊತ್ತಾ ಅಕ್ಕಾ. ಎಲ್ಲಾನೂ ತಾನೇ ತೊಳೆದ್ಲು. ಗುದ್ದಲಿ, ಕುಡುಗೋಲು, ಔಷಧಿ ಮಷೀನು, ಕ್ಯಾನು, ಒಂದೂ ಬಿಡಲಿಲ್ಲ. ಎಲ್ಲಕ್ಕೂ ಕುಂಕುಮ ಇಟ್ಟು, ನೀನು ಕೊಟ್ಟಿದ್ಯಲ್ಲ ಆ ಕೆಂಪು ದಾರ, ಅದನ್ನ ತನ್ನ ಕೈಯಾರ ಕಟ್ಟಿದ್ಲು. ಇನ್ನೂ ಹಂಗೇ ಇದೆ. ಬಿಚ್ಚೋಕೆ ಮನಸ್ಸಿಲ್ಲ."

ನನ್ನ ಕೈಯಲ್ಲಿ ಪಿಸ್ಟನ್ ಇತ್ತು. ಅದನ್ನು ಕೆಳಗಿಡಲೂ ಆಗಲಿಲ್ಲ. ಔಷಧಿ ಮಷೀನಿಗೆ ಅವನು ಬರೀ ಪೆಟ್ರೋಲಿನ ಕ್ಯಾನು ಬೇರೆ ಇಟ್ಟಿದ್ದ, ಅವನ ಮಷೀನು ಹೊಸ ಥರದ್ದು, ಫೋರ್-ಸ್ಟ್ರೋಕ್. ಆ ಕ್ಯಾನಿಗೂ ದಾರ ಬಿದ್ದಿತ್ತು. ದಾರ ಕಟ್ಟಿದ ಕೈ ಅವಳದು, ಆ ಕ್ಯಾನಿನಿಂದ ತುಂಬಿದ ಕೈ ಇವನದು. ಇದನ್ನು ಹೇಳಿದರೆ ಅವನು ಈ ಲೋಕದಲ್ಲಿ ಏನು ಹಿಡಿದುಕೊಂಡು ಬದುಕಬೇಕು?

ಟ್ಯಾಂಕಿನಲ್ಲಿದ್ದುದನ್ನೆಲ್ಲ ಚರಂಡಿಗೆ ಸುರಿದೆ. ಪಿಸ್ಟನ್ನು, ಬೇರಿಂಗು ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದೆ. ಹೊಳೆಯುವ ಹಾಗೆ ತೊಳೆದೆ. ಆಮೇಲೆ ಹೊರಗೆ ಬಂದು ಹೇಳಿದೆ.

"ಸೀಲು ಸರಿಯಾಗಿ ಕೂತಿರಲಿಲ್ಲ ನಂಜಪ್ಪಾ. ಗಾಳಿ ನುಗ್ಗಿದೆ. ನನ್ನ ಕೈತಪ್ಪು."

"ಶರಿ ಅಕ್ಕಾ. ನೀನು ಬೇಕು ಅಂತ ಮಾಡಿದ್ದಲ್ಲವಲ್ಲ" ಎಂದ. ಗಾಡಿಯನ್ನು ಅಲ್ಲೇ ಬಿಟ್ಟು ಎದ್ದು ಹೋದ. ಮತ್ತೆ ಬರಲಿಲ್ಲ. ಅವನು ಯಾರಿಗೆ ಹೇಳಿದನೋ, ಹೇಳದೆಯೇ ಹರಡಿತೋ, ಆ ಸೀಮೆಯಲ್ಲೆಲ್ಲ ಮಾತಾಯಿತು. ನನ್ನ ಹೆಸರು ಹೋದದ್ದು ನನಗೆ ದೊಡ್ಡದಲ್ಲ, ನನಗೆ ಹೆಸರೇ ಇರಲಿಲ್ಲ. ಹೋದದ್ದು ನಿಮ್ಮ ತಾತನ ಹೆಸರು. ಅವರು ಎದೆ ಸುಟ್ಟುಕೊಂಡು ಕಟ್ಟಿದ್ದನ್ನು ನಾನು ಒಂದು ಮಾತಿನಲ್ಲಿ ಕೆಡವಿದೆ. ಗಿರಾಕಿ ಬರದ ಶೆಡ್ಡಿಗೆ ಬೀಗ ಹಾಕಿದೆ. ಅದರ ತಗಡಿನ ಮೇಲೆ ಈಗ ಹುಣಸೆ ಎಲೆ ಉದುರುತ್ತದೆ, ಗುಡಿಸುವವರಿಲ್ಲ.

ಒಳ್ಳೆಯದು ಮಾಡಿದೆನೆಂದು ನನಗೆ ಸಮಾಧಾನವಿದೆ ಎಂದು ತಿಳಿಯಬೇಡಿ. ಇಲ್ಲ. ನಂಜಪ್ಪನಿಗೂ ಅದರಿಂದ ಸುಖ ಬಂದ ಹಾಗೆ ಕಾಣೆ. ಕುಡಿಯುತ್ತಾನಂತೆ, ತೋಟ ಒಣಗಿದೆಯಂತೆ. ಒಂದೊಂದು ದಿನ ಸಂಜೆ ದೀಪ ಹಚ್ಚುವಾಗ, ನಿಜ ಹೇಳಿದ್ದರೂ ಇಷ್ಟೇ ಆಗುತ್ತಿತ್ತೇನೋ ಅನ್ನಿಸುತ್ತದೆ. ಕೇಳಲು ನಿಮ್ಮ ತಾತ ಇಲ್ಲ.

ಕಾರ್ತಿಕ್, ನೀನು ಎಷ್ಟು ಚೆನ್ನಾಗಿ ಕಟ್ಟಿದರೂ ಎಂಜಿನ್ ನಿನ್ನ ಕೈ ದಾಟಿದ ಮೇಲೆ ನಿನ್ನದಲ್ಲ. ಅದಕ್ಕೆ ಮದ್ದು ನನಗೆ ಗೊತ್ತಿಲ್ಲ, ನಿಮ್ಮ ತಾತನಿಗೂ ಗೊತ್ತಿರಲಿಲ್ಲ. ಆದರೂ ತೊಳೆಯುವ ಮೊದಲು ನೋಡು. ನೋಡಿದ್ದನ್ನು ಯಾರಿಗೆ ಹೇಳಬೇಕೆಂಬುದನ್ನು ಆಮೇಲೆ ಯೋಚಿಸು. ಅಲ್ಲಿ ಯಾರಾದರೂ ಮತ್ತೆ ಆ ಮಾತು ಎತ್ತಿದರೆ ನನ್ನ ಪರವಾಗಿ ಜಗಳಕ್ಕೆ ಹೋಗಬೇಡ. ತಲೆ ತಗ್ಗಿಸಿ ಸ್ಪ್ಯಾನರ್ ಹಿಡಿದುಕೊ. ನನ್ನ ಮುಖ ಮಾತ್ರ ನೋಡು, ಅಷ್ಟು ಸಾಕು.

ವೈಷ್ಣವಿ, ತಮ್ಮನಿಗೆ ಓದುವಾಗ ಮೆಲ್ಲಗೆ ಓದು. ನಂಜಪ್ಪನಿಗೂ ಅವನ ಕಡೆಯವರಿಗೂ ಕನ್ನಡ ಕೇಳಿದರೆ ತಿಳಿಯುತ್ತದೆ, ನೋಡಿದರೆ ತಿಳಿಯುವುದಿಲ್ಲ. ಅದಕ್ಕೇ ಈ ಅಕ್ಷರದಲ್ಲಿ ಬರೆದೆ. ಅವನು ಇರುವವರೆಗೆ ಇದು ಯಾರ ಕಿವಿಗೂ ಬೀಳಬಾರದು. ಅವನ ಕಾಲ ಮುಗಿದ ಮೇಲೆ ನಿಮ್ಮ ತಾತನ ಶೆಡ್ಡಿನ ಎಂಜಿನ್ ತಾನಾಗಿ ನಿಲ್ಲಲಿಲ್ಲವೆಂದು ಒಬ್ಬರಿಗಾದರೂ ಹೇಳಿ. ಅಲ್ಲಿಯವರೆಗೆ ಈ ಹಾಳೆಗಳನ್ನು ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ, ಸೀರೆಗಳ ಅಡಿಯಲ್ಲಿ, ಜೋಪಾನವಾಗಿ ಇಡಿ. ಹಾಳೆಗಳು ಚದುರದಿರಲು ಆ ಸೀರೆಗಳ ಭಾರವೇ ಸಾಕು. ದಾರ ಕಟ್ಟಬೇಡಿ.